ಕ್ಯಾಮೆರಾ ಮುಂದಿನ ಪಂಕ್ತಿ

ಎಳ್ಳಮಾವಾಸ್ಯೆಯ ಆ ವಿಡಿಯೋ ಬಂದಾಗಲೆಲ್ಲ ನಾನು ಫೋನನ್ನು ಬೋರಲು ಹಾಕುತ್ತೇನೆ. ಹಲಬರ್ಗಾದ ನಮ್ಮ ಹೊಲ, ಒಂದೇ ಸಾಲಿನಲ್ಲಿ ಕೂತ ಗಂಡಸರು ಹೆಂಗಸರು, ಹಿಂದೆ ಕೊಳಲಿನ ಸದ್ದು. ಕೆಳಗೆ ಬರಹ: 'ಕೂಡಿ ಉಂಡ ಆ ಕಾಲ'.

ಯಾವ ಕಾಲ? ನಮ್ಮ ಮನೆಗೆ ಅಂಥ ಕಾಲ ಬಂದೇ ಇಲ್ಲ. ಚರಗ ಚೆಲ್ಲಿ ಭೂಮಿಗೆ ಉಣಿಸಿದ ಮೇಲೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಕಾಳು-ತರಕಾರಿ ಕೂಡಿಸಿ ಕುದಿಸಿದ ಭಜ್ಜಿ ತಣ್ಣಗಾಗಿ ತಳ ಸೇರಿದ ಹೊತ್ತಿಗೆ ಹೆಂಗಸರು. ಕಣ್ಣಾರೆ ಕಂಡದ್ದು. ಆದರೂ ಭಾಲ್ಕಿಯ ಒಂದು ಚರ್ಚಾಸ್ಪರ್ಧೆಯಲ್ಲಿ, ಧಾರಾವಾಹಿಯ ಊಟದ ಮೇಜನ್ನು ನಮ್ಮ ಮನೆಯದೆಂಬಂತೆ ಬಣ್ಣಿಸಿ ಬಹುಮಾನ ಹೊಡೆದವಳು ನಾನೇ. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ.

ವಿಡಿಯೋ ತೆಗೆದ ದಿನ, ಔರಾದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಕಾಕಾ, ಅಪ್ಪನ ತಮ್ಮ, ಫೋನನ್ನು ಕೋಲಿಗೆ ಸಿಕ್ಕಿಸಿ ಅವ್ವನನ್ನು ಕರೆದ. "ವೈನಿ, ಈ ಸಲ ನೀವೂ ಪಂಕ್ತಿಗಿ ಕೂಡ್ರಿ. ಎಲ್ಲಾರೂ ಕೂಡೇ."

ಅವ್ವ ನಂಬಿದಳು. ಊಟ ಬಂತೆಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಸೆರಗು ಸರಿಮಾಡಿಕೊಂಡು ಕೂತಳು. ರೊಟ್ಟಿ ಮುರಿದು ಭಜ್ಜಿಗೆ ಅದ್ದಿ ಒಂದು ತುತ್ತು ಬಾಯಿಗಿಟ್ಟಳು, ಅಷ್ಟೇ.

"ಝಕಾಸ್ ಬಂತು! ಇನ್ನ ಏಳ್ರಿ ವೈನಿ, ಗಂಡಸ್ರಿಗಿ ನೀಡ್ರಿ."

"ಕಾಕಾ, ಅಕಿ ಗುಳಿಗಿ ತಗೊಂಡಾಳ. ಉಣ್ಲಿ ಬಿಡ್ರಿ" ಎಂದೆ.

"ಹತ್ತ ನಿಮಿಷ ತಡಾ ಆದ್ರ ಜೀವಾ ಹೋಗ್ತದೇನ? ಇದೇನ್ ನಿನ್ನ ಡಿಬೇಟ್ ಅಲ್ಲವ್ವಾ, ಹಬ್ಬ ಅದ."

"ಹಂಗಾದ್ರ ವಿಡಿಯೋದಾಗ ಯಾಕ ಕೂಡ್ಸಿದ್ರಿ?"

"ಮಂದಿಗಿ ಚಂದ ಕಾಣ್ಬೇಕಲ್ಲ!"

ಪಂಕ್ತಿಯೆಲ್ಲ ನಕ್ಕಿತು. ನನ್ನ ಮುಂದಿನ ಮಾತು ಹೊರಡುವ ಮೊದಲೇ ಅವ್ವ ಎದ್ದಿದ್ದಳು. ಮೂರನೆಯ ತಾಟಿಗೆ ಅಂಬಲಿ ನೀಡುವಾಗ ಕೈ ನಡುಗಿ ಸವುಟು ಜಾರಿತು. ಹಣೆ ತುಂಬ ಬೆವರು; ಸಕ್ಕರೆ ಇಳಿದಿತ್ತು. ಜೋಳದ ನೆರಳಿಗೆ ಎಳೆದು ಕೂರಿಸಿ, ಬಾಯಿಗೆ ಬೆಲ್ಲ ಹಾಕಿದೆ. ಆಚೆ ಕಾಕಾ ಕೂಗುತ್ತಿದ್ದ: "ಅಂಬಲಿ ಯಾರ ನೀಡ್ತೀರಿ?"

ಮರುದಿನ ನಾವು ಚಿದ್ರಿಯ ನಮ್ಮ ಮನೆಗೆ ಮರಳಿದ ಮೇಲೆ ಪಕ್ಕದ ಮನೆಯಾಕೆ ಫೋನ್ ಹಿಡಿದುಕೊಂಡೇ ಬಂದಳು. "ಎಷ್ಟ ಪುಣ್ಯಾ ಮಾಡೀರಿ ಅಕ್ಕಾ. ನಮ್ಮ ಮನ್ಯಾಗ ಹಿಂಗ ಕೂಡಿ ಉಂಡಿದ್ದೇ ಇಲ್ರಿ."

ನಾನು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ಗದರಿದಳು. ವಿಡಿಯೋ ಇನ್ನೊಮ್ಮೆ ನೋಡಿದಳು. ನಿಜ ಮುಚ್ಚಿಡಲು ಏನೋ ಒಂದು ಹೇಳುತ್ತಾಳೆ ಅಂದುಕೊಂಡೆ. ಇಲ್ಲ, ದನಿಯಲ್ಲಿ ನಿಜವಾದ ಹಿಗ್ಗಿತ್ತು.

"ಹೌದ ನೋಡವ್ವಾ. ಎಲ್ಲಾರೂ ಕೂಡೇ ಉಂಡೇವಿ."

ಪರದೆಯ ಮೇಲೆ ಅವಳ ಆ ಒಂದೇ ತುತ್ತು ಮತ್ತೆ ಮತ್ತೆ ಬಾಯಿಗೆ ಹೋಗುತ್ತಲೇ ಇತ್ತು.