ಬಿಸಿಲಿಗೆ ಇಟ್ಟ ಜಾಝ್ ರೆಕಾರ್ಡು

ಉಮ್ಮ ಬಾಪನ ರೆಕಾರ್ಡನ್ನು ಹಲಸಿನ ಹಪ್ಪಳದ ಜತೆ ಟೆರೇಸಿನಲ್ಲಿ ಬಿಸಿಲಿಗೆ ಇಟ್ಟಿದ್ದರು. ನಾನು ಪುತ್ತೂರು ಪೇಟೆಯಿಂದ ಮೀನು ತಂದಿಟ್ಟು, ಹಪ್ಪಳ ಮಗುಚಲೆಂದು ಮೇಲೆ ಹೋದರೆ ಚಾಪೆಯ ಮೂಲೆಯಲ್ಲಿ ಆ ಕಪ್ಪು ತಟ್ಟೆ. ಅಂಚು ಎದ್ದು, ಹಪ್ಪಳಕ್ಕಿಂತ ಚೆನ್ನಾಗಿ ಸೊಟ್ಟಗಾಗಿತ್ತು.

"ಇದೆಂತ ಮಾಡಿದ್ದು ಉಮ್ಮ?"

"ಬೂಸ್ಟು ಬಂದಿತ್ತು. ಇನ್ನೊಬ್ಬರ ಮನೆಗೆ ಕೊಂಡೋಗುದಲ್ವಾ, ಹಾಗೇ ಕೊಂಡೋಗ್ಲಿಕ್ಕೆ ಆಗ್ತದಾ? ತೆಂಗಿನೆಣ್ಣೆಯಲ್ಲಿ ಒರೆಸಿ ಇಟ್ಟೆ."

ನಾವು ಮನೆಯಲ್ಲಿ ಬ್ಯಾರಿ ಮಾತಾಡುವವರು; ಅಮ್ಮ ನಮಗೆ ಉಮ್ಮ, ಅಪ್ಪ ಬಾಪ. ಕನ್ನಡದಲ್ಲಿ ಬರೆದರೆ ಉಮ್ಮನ ಮಾತಿನ ಖಾರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಊರಲ್ಲಿ ಬೂಸ್ಟಿಗೆ ಇರುವುದು ಅದೊಂದೇ ಮದ್ದು. ಚಪ್ಪಲಿ, ಕೊಡೆ, ಒಳ್ಳೆಮೆಣಸು, ಮದುವೆಯ ಆಲ್ಬಮ್ಮು, ಎಲ್ಲದಕ್ಕೂ ಬಿಸಿಲು. ಬೈದು ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಬೈದೆ.

ಅದು ಹಳೇ ಕಾಲದ ಸ್ವಿಂಗ್ ಮತ್ತು ಜಾಝ್ ಹಾಡುಗಳ ರೆಕಾರ್ಡು. ಬಾಪ ಪ್ರಾಯದಲ್ಲಿ ಬಹರೈನಿನ ಹೋಟೆಲೊಂದರಲ್ಲಿ ರೂಮ್ ಬಾಯ್ ಆಗಿದ್ದರು. ಕೋಣೆ ಖಾಲಿ ಮಾಡಿ ಹೊರಟ ಬಿಳಿ ಮುದುಕಿಯೊಬ್ಬಳು ಅದನ್ನು ಅವರ ಕೈಗೆ ಕೊಟ್ಟು ಹೋಗಿದ್ದಳಂತೆ. ಅಲ್ಲಿಯ ಸೂಪರ್‌ವೈಸರನ ಹತ್ತಿರ ಪ್ಲೇಯರ್ ಇತ್ತು, ರಜೆಯ ದಿನ ಇಬ್ಬರೂ ಕೂತು ಕೇಳುತ್ತಿದ್ದರು. ಬಾಪ ಊರಿಗೆ ಬಂದಾಗ ರೆಕಾರ್ಡು ಬಂತು, ಪ್ಲೇಯರ್ ಬರಲಿಲ್ಲ. ಅದರಲ್ಲಿದ್ದ ಒಂದು ಹಾಡನ್ನು ಉಮ್ಮನ ಹತ್ತಿರ ಬಾಯಲ್ಲೇ ಹೊಗಳುತ್ತಿದ್ದರು. ಕವರಿನ ಮೇಲೆ ದೊಡ್ಡ ಮೈಕಿನ ಮುಂದೆ ನಿಂತ, ತೋಳಿಲ್ಲದ ಗೌನಿನ ಹಾಡುಗಾರ್ತಿ. ಉಮ್ಮ ಅವಳ ಮುಖವನ್ನು ಕಪಾಟಿನ ಗೋಡೆಗೆ ತಿರುಗಿಸಿ ಇಟ್ಟಿದ್ದರು. "ನಿಮ್ಮ ದೊರೆಸಾನಿಗೆ ಚಳಿ ಆಗುದಿಲ್ವಾ?" ಎಂದು ಬಾಪನನ್ನು ಕಿಚಾಯಿಸುತ್ತಿದ್ದರು. ಆ ದಿನ ಟೆರೇಸಿನಲ್ಲಿ, ಬೇಕಂತಲೇ ಬಿಸಿಲಿಗೆ ಇಟ್ಟರೋ ಏನೋ ಎಂಬ ಕೆಟ್ಟ ಯೋಚನೆಯೂ ನನಗೆ ಬಂತು.

ಇಷ್ಟು ವರ್ಷದ ಮೇಲೆ ರೆಕಾರ್ಡು ಹೊರಗೆ ಬಂದದ್ದು ಬಾಪನ ಕಿವಿಯ ದೆಸೆಯಿಂದ. ಎಡದ್ದು ಪೂರ್ತಿ ಹೋಗಿತ್ತು. ಬಲದ್ದೂ ಹೆಚ್ಚು ದಿನ ಬಾರದು ಎಂದು ಡಾಕ್ಟರು ಹೇಳಿದ್ದರು. ಕಿವಿಗೆ ಇಡುವ ಮೆಷಿನು ಕುಂಯ್ಯೆನ್ನುತ್ತದೆಂದು ಬಾಪ ಅದನ್ನು ಡಬ್ಬಿಯಿಂದ ತೆಗೆಯುತ್ತಲೇ ಇರಲಿಲ್ಲ.

"ಕಿವಿ ಇರುವಾಗ ಒಮ್ಮೆ ಆ ಹಾಡು ಕೇಳ್ಬೇಕು ಮಗಳೇ," ಎಂದಿದ್ದರು. "ಉಮ್ಮನಿಗೂ ಕೇಳಿಸ್ಬೇಕು. ಪಾಪ, ಇಷ್ಟು ವರ್ಷ ಚಿತ್ರ ಮಾತ್ರ ನೋಡಿದ್ದು."

ಮೊಬೈಲಿನಲ್ಲಿ ಹುಡುಕಿದೆ. ಅದೇ ಹಾಡನ್ನು ಬೇರೆಯವರು ಹಾಡಿದ್ದು ರಾಶಿ ಸಿಕ್ಕಿತು, ಇವಳದ್ದು ಸಿಗಲಿಲ್ಲ. ಕೊನೆಗೆ ಕಲ್ಲುಗುಂಡಿಯಲ್ಲಿ ಒಬ್ಬರ ಮನೆಯಲ್ಲಿ ಪ್ಲೇಯರ್ ಉಂಟೆಂದು ತಿಳಿಯಿತು. ಹಿಂದೆ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹಿರಿಯರು. "ಆದಿತ್ಯವಾರ ಬನ್ನಿ ಮಾರಾಯ್ರೆ, ಸೂಜಿ ಸರಿ ಉಂಟು," ಎಂದು ಫೋನಿನಲ್ಲಿ ಹೇಳಿದ್ದರು. ಉಮ್ಮ ಬಿಸಿಲಿಗಿಟ್ಟದ್ದು ಅದೇ ವಾರ.

"ಬಾಪನಿಗೆ ಹೇಳ್ಬೇಡ," ಎಂದರು ಉಮ್ಮ. ಸೊಟ್ಟಗಾದ ರೆಕಾರ್ಡಿನ ಮೇಲೆ ಸೂಜಿ ನಿಲ್ಲುವುದಿಲ್ಲ ಎಂದು ನಾನು ವಿವರಿಸಿದ ಮೇಲೆ ಅವರ ಮುಖ ಬಿಳುಚಿಕೊಂಡಿತ್ತು. ಶೋಕೇಸಿನ ಗಾಜುಗಳನ್ನು ಕಳಚಿ, ಎರಡರ ನಡುವೆ ರೆಕಾರ್ಡಿಟ್ಟು, ಮೇಲೆ ಕುಚ್ಚಲಕ್ಕಿಯ ಗೋಣಿ ಹೇರಿದೆವು. ಗಾಜು ಎಲ್ಲಿ ಎಂದು ಬಾಪ ಕೇಳಿದರೆ ತೊಳೆಯಲು ತೆಗೆದದ್ದು ಎಂದೆವು. ಉಮ್ಮ ಅಡುಗೆಮನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಗೋಣಿ ಮುಟ್ಟಿ ನೋಡುತ್ತಿದ್ದರು. ನಮಾಜಿನ ಮೇಲೆ ಅವರು ಕೈಯೆತ್ತಿ ಬೇಡುವ ದುಆ ಉದ್ದವಾಯಿತು. ಬಾಪ ಬೇರೇನನ್ನೂ ಕೇಳಿದವರಲ್ಲ, ಇದೊಂದನ್ನು ಕೇಳಿದ್ದರು.

ಆದಿತ್ಯವಾರ ಬೆಳಿಗ್ಗೆ ಗೋಣಿ ಸರಿಸಿದಾಗ ನಡುಭಾಗ ನೇರವಾಗಿತ್ತು, ಅಂಚು ಇನ್ನೂ ಎದ್ದೇ ಇತ್ತು. ಬಾಪನ ಹಾಡು ಇದ್ದದ್ದು ಒಂದು ಬದಿಯ ಕೊನೆಯಲ್ಲಿ, ನಡುವಿನ ಹತ್ತಿರ. ಅಷ್ಟೇ ಧೈರ್ಯ.

ಬಾಪ ಅತ್ತರು ಹಚ್ಚಿಕೊಂಡು, ರೆಕಾರ್ಡನ್ನು ಮಡಿಲಲ್ಲಿಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತರು, ಉಮ್ಮ ಹಿಂದೆ. ಎಲ್ಲಿ ಕವರಿನಿಂದ ತೆಗೆಯುತ್ತಾರೋ ಎಂದು ನನ್ನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಅವರ ಕೈಯ ಮೇಲೆ. ಸುಳ್ಯ ದಾಟಿದ ಮೇಲೆ ನಾನು ಏನು ಹೇಳಿದರೂ ಅವರು "ಹ್ಞಾಂ?" ಎನ್ನುತ್ತಿದ್ದರು. ಲಾರಿಗಳ ಗಲಾಟೆ ಎಂದುಕೊಂಡೆ.

ಮೈಕಿನವರು ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಇದೆಂತ ಹೀಗೆ..." ಎಂದು ಶುರು ಮಾಡಿದರು. ಬಾಪನ ಹಿಂದಿನಿಂದ ಉಮ್ಮ ಕೈಮುಗಿದರು. ಅವರಿಗೆ ಅರ್ಥವಾಯಿತು. "ಹಳೆ ಮಾಲಲ್ವಾ ಸಾಯ್ಬ್ರೆ, ಇರ್ತದೆ," ಎಂದು ಕೆಮ್ಮಿ, ಸೂಜಿ ಇಳಿಸಿದರು. ಸೂಜಿ ಅಂಚಿನಲ್ಲಿ ಹಾರಿ ಬಿತ್ತು. ಇನ್ನೊಮ್ಮೆ ಇಟ್ಟರು, ಪುನಃ ಹಾರಿತು. ಕೊನೆಯ ಹಾಡಿಗೆ ಇಡಿ ಎಂದು ನಾನು ಬೆರಳು ತೋರಿಸಿದೆ. ಅವರು ಅದನ್ನು ಎತ್ತಿ ಸೀದಾ ಕೊನೆಯ ಹಾಡಿಗೆ ಇಟ್ಟರು.

ತುತ್ತೂರಿಗಳು ಎದ್ದವು. ಅವುಗಳ ಹಿಂದೆ ಯಾವುದೋ ದಪ್ಪ ತಂತಿ ಹೆಜ್ಜೆ ಹಾಕುವ ಹಾಗೆ ದುಂ ದುಂ ಎಂದಿತು. ಆಮೇಲೆ ಅವಳ ಸ್ವರ. ತುಸು ತೂರಾಡಿದರೂ ಎಲ್ಲಿಯೂ ಕಡಿಯಲಿಲ್ಲ. "ಅಲ್‌ಹಮ್ದುಲಿಲ್ಲಾಹ್," ಎಂದು ಉಮ್ಮ ಪಿಸುಗುಟ್ಟಿದರು. ನನಗೆ ಅಳುವೇ ಬಂತು, ಅಷ್ಟು ನಿರಾಳ.

ಬಾಪ ಬಲಕಿವಿಯನ್ನು ಸ್ಪೀಕರಿನ ಪೆಟ್ಟಿಗೆಯ ಕಡೆ ಬಾಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ಹಾಡು ಅರ್ಧಕ್ಕೆ ಬಂದಿರಬೇಕು. ಅವರು ಕಣ್ಣು ಬಿಟ್ಟು, ತಿರುಗುವ ತಟ್ಟೆಯನ್ನು ನೋಡಿ, ನನ್ನನ್ನು ಕೇಳಿದರು:

"ಇನ್ನೂ ಶುರು ಆಗ್ಲಿಲ್ವಾ?"

ಮೈಕಿನವರು ಸೌಂಡು ಜೋರು ಮಾಡಿದರು. ಕಿಟಕಿಯ ಗಾಜು ನಡುಗಿತು. ಬಾಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

ಪರರ ಎದುರು ಎಂದೂ ಬಾಪನ ಪಕ್ಕ ಕೂತವರಲ್ಲ ಉಮ್ಮ. ಎದ್ದು ಹೋಗಿ ಅವರಿಗೆ ತಾಗಿಕೊಂಡೇ ಕೂತರು. ಬಾಪನ ಅಂಗೈಯನ್ನು ತಮ್ಮ ಮೊಣಕಾಲ ಮೇಲೆ ಬಿಡಿಸಿಟ್ಟು, ಹಾಡಿನ ತಾಳಕ್ಕೆ ಬೆರಳಿನಿಂದ ತಟ್ಟತೊಡಗಿದರು. "ಈಗ ಹಾಡ್ತಾ ಇದ್ದಾಳೆ," ಎಂದು ತುಟಿ ಅಗಲ ಮಾಡಿ, ನಿಧಾನವಾಗಿ ಹೇಳಿದರು.

ಬಾಪ ಆ ಬೆರಳುಗಳನ್ನು ನೋಡಿದರು, ಆಮೇಲೆ ಉಮ್ಮನ ಮುಖವನ್ನು.

"ಲಾಯ್ಕುಂಟಾ?"

ಉಮ್ಮ ಹೌದೆಂದು ತಲೆ ಆಡಿಸಿದರು.

"ನಾನು ಹೇಳಿದ್ದೆ ಅಲ್ವಾ," ಎಂದು ಬಾಪ ನಕ್ಕರು.