ತೆಗೆದದ್ದಕ್ಕೆ ಮಾತ್ರ ಕೋಡ್

ಮದ್ರಾಸಿನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ನನ್ನದು ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಯಾವುದೋ ಆಸ್ಪತ್ರೆಯಲ್ಲಿ ಯಾರಿಗೋ ಮಾಡಿದ ಆಪರೇಷನ್ನಿನ ವಿವರ ಓದಿ, ವಿಮೆಯವರಿಗಾಗಿ ಅದಕ್ಕೊಂದು ಕೋಡ್ ಹಾಕಬೇಕು. ನನ್ನ ಪಾಲಿಗೆ ಬಂದದ್ದು ರಕ್ತಸ್ರಾವ ನಿಲ್ಲಿಸುವ ಚಿಕಿತ್ಸೆಗಳು. ಬೆರಳು ಕೊಯ್ದರೆ ತಲೆಸುತ್ತಿ ಕೂರುವವಳಿಗೆ ಎಂಥ ಕೆಲಸ ಸಿಕ್ಕಿತು ನೋಡಿ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ನನಗೇನೂ ಆಗುತ್ತಿರಲಿಲ್ಲ. ನನ್ನ ಸ್ಕ್ರೀನಿಗೆ ಬರುವ ಹೊತ್ತಿಗೆ ಆ ರಕ್ತವೆಲ್ಲ ಎಂದೋ ನಿಂತಿರುತ್ತಿತ್ತು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ರಕ್ತ ನಿಲ್ಲಿಸಲು ಡಾಕ್ಟರು ಏನೇನೋ ಮಾಡಿ, ಯಾವುದೂ ಫಲಿಸದೆ ಕೊನೆಗೆ ಆ ಅಂಗವನ್ನೇ ತೆಗೆದರೆ, ತೆಗೆದದ್ದಕ್ಕೆ ಮಾತ್ರ ಕೋಡ್. ನಿಲ್ಲಿಸಲು ಪಟ್ಟ ಪಾಡಿಗೆ ಇಲ್ಲ. ಹೊಸದಾಗಿ ಸೇರಿದವರು ಎರಡನ್ನೂ ಹಾಕಿಬಿಡುತ್ತಾರೆ. ಅಷ್ಟೊಂದು ಕನಿಕರ ಬೇಡ ಎಂದು ರೇಗಿಸಿ ನಾನು ಒಂದನ್ನು ಅಳಿಸಲು ಹೇಳುತ್ತಿದ್ದೆ.

ನನ್ನ ತಂಗಿಯನ್ನು ಕೊಟ್ಟಿರುವುದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡ ವೈಷ್ಣವರ ಮನೆಗೆ. ಅವಳ ಮೊದಲ ಹೆರಿಗೆ ವಡಪಳನಿಯ ಹತ್ತಿರ ಒಂದು ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು, ಗುಂಡುಗುಂಡಾಗಿತ್ತು. ಆದರೆ ತಂಗಿಗೆ ರಕ್ತ ನಿಲ್ಲಲೇ ಇಲ್ಲ. ಹೆರಿಗೆ ಕೋಣೆಯಿಂದ ಅವಳನ್ನು ಥಿಯೇಟರಿಗೆ ತಳ್ಳಿಕೊಂಡು ಓಡಿದರು. ಹೊರಗೆ ನಿಂತವರಲ್ಲಿ ಮುಂದೆ ಏನಾಗಬಹುದೆಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದುದರಿಂದ ಹೆದರಿಕೆ ಹೆಚ್ಚಾಯಿತೇ ಹೊರತು ಬೇರೇನೂ ಉಪಯೋಗವಾಗಲಿಲ್ಲ. ನರ್ಸ್ ಬಂದು ತಂಗಿಯ ಗಂಡನನ್ನು ಸಹಿಗೆ ಕರೆದಾಗ, ಯಾಕೆಂದು ಅವಳು ಬಾಯಿ ಬಿಡುವ ಮೊದಲೇ ನಾನು ಗೋಡೆ ಹಿಡಿದುಕೊಂಡಿದ್ದೆ. ಗರ್ಭಕೋಶ ತೆಗೆದರು. ತಂಗಿ ಉಳಿದಳು.

ವಾರ್ಡಿಗೆ ಬಂದ ಮೇಲೆ ಅವಳ ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, ತಮ್ಮ ತಮಿಳು ಬೆರೆತ ಮದ್ರಾಸಿನ ಕನ್ನಡದಲ್ಲಿ ಹೇಳಿದರು, “ಕೊಂಜ ಹೊತ್ತು ಕಾದಿದ್ರೆ ತಾನಾಗೇ ನಿಂತಿರೋದು. ಎನ್ನ ಅವಸರಮೋ ಇವರಿಗೆ.”

ಅವರದು ಕೆಟ್ಟ ಮನಸ್ಸಲ್ಲ. ಆಡುವ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಅಷ್ಟೆ. ಆದರೆ ತಂಗಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಮ್ಮಿಬ್ಬರ ಹಾಗೆ ತನಗೂ ಇಬ್ಬರು ಮಕ್ಕಳಿರಬೇಕೆಂದು ಮದುವೆಗೆ ಮೊದಲಿನಿಂದ ಹೇಳಿಕೊಂಡು ಬಂದವಳು. ಆಪರೇಷನ್ ಮಾಡಿದ ಡಾಕ್ಟರಮ್ಮ ನೋಡಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಗುವಿಗೆ ಹಾಲು ಕೊಡುವಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದಳು. ಸುಮ್ಮನೆ ತೆಗೆದುಬಿಟ್ಟರು ಎಂಬ ಒಂದೇ ಮಾತು. ಈ ಸಿಟ್ಟು ಅವಳನ್ನು ಒಳಗಿಂದೊಳಗೆ ತಿಂದುಹಾಕುತ್ತದೆಂದು ನನಗೆ ದಿಗಿಲಾಯಿತು. ಹಾಗೆ ನೋಡಿದರೆ ಅವಳ ಲೆಕ್ಕವೂ ನನ್ನ ಆಫೀಸಿನ ಲೆಕ್ಕವೂ ಒಂದೇ ಆಗಿತ್ತು. ತೆಗೆದದ್ದು ಬಿಟ್ಟು ಬೇರೇನೂ ನಡೆದೇ ಇಲ್ಲ.

ಡಾಕ್ಟರಮ್ಮನನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ, ಅವತ್ತು ಒಳಗೆ ನಡೆದದ್ದನ್ನೆಲ್ಲ ಕೇಳಿದೆ. ಮನೆಗೆ ಹೊರಡುವ ಹೊತ್ತು ಮೀರಿದ್ದರೂ ಅವರು ಬೇಸರಿಸದೆ ತಮಿಳಿನಲ್ಲಿ ನಿಧಾನವಾಗಿ ಹೇಳಿದರು.

ಮಂಚದ ಅಂಚಿನಲ್ಲಿ ಕೂತು ತಂಗಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. ಮೊದಲು ಇಂಜೆಕ್ಷನ್ ಕೊಟ್ಟರು, ಹೊಟ್ಟೆ ನೀವಿದರು. ಆಮೇಲೆ ಒಬ್ಬರಾದ ಮೇಲೊಬ್ಬರು ಕೈ ಸೋಲುವವರೆಗೂ ಒತ್ತಿ ಹಿಡಿದರು. ಒಳಗೆ ಬಲೂನಿಟ್ಟು ನೀರು ತುಂಬಿಸಿದರು. ಹೊಟ್ಟೆ ತೆರೆದು ಹೊಲಿಗೆ ಹಾಕಿ ಬಿಗಿದರು, ರಕ್ತನಾಳ ಕಟ್ಟಿದರು. ಬೇರೆಯವರ ರಕ್ತ ಏರಿಸುತ್ತಲೇ ಇದ್ದರು. ನಿನ್ನ ಗರ್ಭಕೋಶ ಉಳಿಸಬೇಕೆಂದೇ ಅಷ್ಟು ಹೊತ್ತು ಹೆಣಗಿದರು ಎಂದೆ.

ಅವಳು ಒಂದೂ ಬಿಡದೆ ಕೇಳಿಸಿಕೊಂಡಳು. ಬಿಗಿದ ದವಡೆ ಸಡಿಲವಾಯಿತು. ನೆಮ್ಮದಿಯಾಯಿತೇನೋ ಎಂದುಕೊಂಡು ನಾನು ತಲೆ ಸವರಲು ಹೋದೆ. ಅವಳು ನನ್ನ ಕೈ ಹಿಡಿದು ತಡೆದಳು. ಹೆರಿಗೆಯಾದ ಮೇಲೆ ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂದಿತ್ತು.

“ಹಾಗಾದ್ರೆ ಇನ್ನು ನಾನು ಯಾರನ್ನ ಬೈಲಿ, ಅಕ್ಕಾ?” ಎಂದಳು.