ಬಂಗುಡೆ ತೊಳೆದ ನೀರು

ನನ್ನ ಅತ್ತೆ ಕತಾರಿಗೆ ಬಂದದ್ದು ಮಗನನ್ನು ನೋಡಲು, ಸೊಸೆಯನ್ನಲ್ಲ. ಇದನ್ನು ಅವರು ಮುಚ್ಚಿಡಲೂ ಇಲ್ಲ. ಅವರದು ಗದಗ ಕಡೆಯ ಕುರಿ ಕಾಯುವ ಮನೆತನ. ನಾನು ಮಲ್ಪೆಯ ಮೀನುಗಾರರ ಮನೆಯವಳು. ದೋಹಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಾಗ ಅವರ ಮಗನನ್ನು ಕಂಡು, ಅವರಿಗೆ ಹೇಳದೆ ಕೇಳದೆ ಮದುವೆಯಾದವಳು. ಹಾಗಾಗಿ ಅತ್ತೆ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ನಿಂತಿದ್ದರೂ ಮಗನಿಗೆ, "ನಿನ್ನ ಹೇಣ್ತಿಗೆ ಹೇಳು, ಚಾದಾಗ ಸಕ್ರಿ ಜಾಸ್ತಿ ಆಗೇತಿ" ಎನ್ನುವರು. ನನಗೂ ಸಿಟ್ಟು ಮೂಗಿನ ತುದಿಯಲ್ಲಿ. "ನಿಮ್ಮ ಅಮ್ಮನಿಗೆ ಹೇಳಿ, ನಂಗೆ ಕಿವಿ ಉಂಟು ಅಂತ" ಎನ್ನುತ್ತಿದ್ದೆ. ನಡುವೆ ಸಿಕ್ಕಿಬಿದ್ದ ನಮ್ಮವರು ಕುರಿ ನೋಡುವ ನೆಪದಲ್ಲಿ ಹೊರಗೆ ಓಡುತ್ತಿದ್ದರು.

ಕುರಿಗಳಿಗೇನು ಕಡಿಮೆ? ದೋಹಾದಿಂದ ಉತ್ತರಕ್ಕೆ, ಡಾಂಬರು ಮುಗಿದ ಮೇಲೂ ಮರಳಿನಲ್ಲಿ ಬಹಳ ದೂರ ಹೋದರೆ ಸಿಗುವ ದೊಡ್ಡಿ ಅದು. ನಮ್ಮವರದು ಅದರ ಉಸ್ತುವಾರಿ. ಒಂದು ಬದಿಗೆ ತಗಡಿನ ನೆರಳಿನಲ್ಲಿ ಕುರಿಗಳು, ಇನ್ನೊಂದು ಬದಿಗೆ ನಮ್ಮ ಎರಡು ಕೋಣೆಯ ಪೋರ್ಟಕ್ಯಾಬಿನ್. ಮೇವು ಪಿಕಪ್ಪಿನಲ್ಲಿ ಬರುವುದನ್ನು ಕಂಡು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಅಲ್ಲೋ, ಇವಕ್ಕ ದೇವ್ರು ಕಾಲು ಯಾಕ ಕೊಟ್ಟಾನ?" ಮರುದಿನದಿಂದ ತಾವೇ ಕೋಲು ಹಿಡಿದು ಕುರಿಗಳನ್ನು ಬೇಲಿಯ ಸುತ್ತ ಅಡ್ಡಾಡಿಸತೊಡಗಿದರು. ದೊಡ್ಡಿಯ ಅರಬ್ ಧಣಿ ಒಮ್ಮೆ ಇದನ್ನು ನೋಡಿ, ನಗುತ್ತ "ಯಲ್ಲಾ, ಮಾಮಾ, ಯಲ್ಲಾ!" ಎಂದು ಕೂಗಿದ, ನಡಿಯಮ್ಮಾ ನಡಿ ಅಂತ. ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲಿ ನನಗೆ ಅತ್ತೆ ಇಷ್ಟವಾಗುತ್ತಿದ್ದರು.

ಇಷ್ಟ ಕೆಡುತ್ತಿದ್ದುದು ಶುಕ್ರವಾರ. ಅಂದು ಕಡಲ ದಂಡೆಯ ಅಲ್ ಖೋರ್ ಊರಿನಿಂದ ನನಗೆ ಮೀನು ಬರುತ್ತಿತ್ತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗಿ ಕುರಿಗಳ ಮಧ್ಯೆ ಕೂರುವರು. ಕುರಿ ಹಿಕ್ಕೆ ನಾರುವುದಿಲ್ಲವಂತೆ, ನನ್ನ ಬಂಗುಡೆ ನಾರುತ್ತದಂತೆ!

ಅಂಥದೇ ಒಂದು ಚಳಿಗಾಲದ ಶುಕ್ರವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ಕೂತು ಬಂಗುಡೆ ತೊಳೆಯುತ್ತಿದ್ದೆ. ಮರಳು ಎರಚುವ ಗಾಳಿ ಬೀಸುತ್ತಿತ್ತು. ನಮ್ಮವರು ಮೇವು ತರಲು ಹೋಗಿದ್ದರು, ಅತ್ತೆ ಸ್ನಾನಕ್ಕೆ. ಬೇಲಿಯ ಬಳಿ ಒಂದು ಕುರಿ ಈದದ್ದು ಕಾಣಿಸಿತು. ಒದ್ದೆ ಮರಿ ಗಾಳಿಗೆ ಗಡಗಡ ನಡುಗುತ್ತಿತ್ತು. ಹೆರಿಗೆ ಕಂಡ ನರ್ಸ್ ಸುಮ್ಮನಿರುತ್ತಾಳೆಯೇ? ಓಡಿಹೋಗಿ ಎತ್ತಿಕೊಂಡೆ, ಒರೆಸಿದೆ, ಉಜ್ಜಿದೆ, ತಗಡಿನ ಮರೆಗೆ ತಂದು ಮಲಗಿಸಿದೆ. ಹಿಂದೆಯೇ ಬಂದ ತಾಯಿ ಮರಿಯನ್ನು ಮೂಸಿತು. ಮೂಸಿ ಬುಸ್ಸೆಂದು ಹಿಂದೆ ಸರಿಯಿತು. ಆಮೇಲೆ ತಲೆಯಿಂದ ಗುದ್ದಿ ಬೀಳಿಸಿತು.

ಒದ್ದೆ ತಲೆಯಲ್ಲೇ ಓಡಿಬಂದ ಅತ್ತೆ ಮರಿಯನ್ನು ಎತ್ತಿ ಮೂಸಿದರು. ಮುಖ ಕಪ್ಪಿಟ್ಟಿತು. "ಮೀನಿನ ಕೈಲೆ ಮುಟ್ಯಾಳ! ಗುರ್ತಾನ ಹೋತಲ್ಲ ಮರೀದು!" ಮಗ ಅಲ್ಲಿರಲಿಲ್ಲವಲ್ಲ, ಅದನ್ನು ಅವರು ಕುರಿಗೆ ಹೇಳಿದರು.

ನಮ್ಮವರು ಬಂದ ಮೇಲೆ ತಾಯಿ ಮಗ ಸೇರಿ ಮರಿಯ ಮೈಗೆ ಉಪ್ಪು ಸವರಿದರು. ಕುರಿ ಉಪ್ಪು ನೆಕ್ಕಲು ಬಂದು, ವಾಸನೆ ಹಿಡಿದು ಮತ್ತೆ ಗುದ್ದಿತು. ಸೀಸೆಯ ಹಾಲನ್ನು ಮರಿ ನಾಲಿಗೆಯಿಂದ ಹೊರಗೆ ತಳ್ಳಿತು. ತಾಯಿಯ ಗಿಣ್ಣದ ಹಾಲು ಹೊಟ್ಟೆಗೆ ಬೀಳದಿದ್ದರೆ ಸಂಜೆ ದಾಟುವುದಿಲ್ಲ ಎಂದು ನಮ್ಮವರು ಮೆಲ್ಲಗೆ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಕೈಯಿಂದ ಒಂದು ಜೀವ ಹೋಗುತ್ತದಲ್ಲ ಎಂಬ ಸಂಕಟ ಒಂದು ಕಡೆ; ಅತ್ತೆಗೆ ಇನ್ನು ಜನ್ಮಪೂರ್ತಿ ಆಡಲು ಒಂದು ಮಾತು ಸಿಕ್ಕಿತಲ್ಲ ಎಂಬ ಹೊಟ್ಟೆಯುರಿ ಇನ್ನೊಂದು ಕಡೆ.

ಅತ್ತೆ ಮಾತ್ರ ಬಾಗಿಲಲ್ಲಿದ್ದ, ನಾನು ಬಂಗುಡೆ ತೊಳೆದ ಬೋಗುಣಿಯನ್ನೇ ನೋಡುತ್ತಿದ್ದರು. "ನಿನ್ನ ಹೇಣ್ತಿಗೆ ಹೇಳು, ಆ ಮೀನಿನ ನೀರು ತರ್ಲಿ."

ತಂದಿಟ್ಟೆ. ಹುರುಪೆ, ರಕ್ತ ಎಲ್ಲ ತೇಲುತ್ತಿದ್ದ ಆ ನೀರಿಗೆ ಅತ್ತೆ ಎರಡೂ ಕೈ ಅದ್ದಿದರು. ಮರಿಯ ತಲೆಯಿಂದ ಬಾಲದವರೆಗೆ ಸವರಿದರು. ಆಮೇಲೆ ಕುರಿಯ ಮೂತಿಗೆ, ಮೂಗಿಗೆ, ಕೆಚ್ಚಲಿಗೆ ಬಳಿದರು. "ಮರೀ ವಾಸನಿ ಹೋಗವಲ್ದು. ತಾಯಿಗೂ ಅದ ವಾಸನಿ ಹಚ್ಚಿದ್ರಾತು."

ಕುರಿ ಸೀನಿತು. ಮರಿಯನ್ನು ಮೂಸಿತು, ತನ್ನನ್ನೇ ಮೂಸಿಕೊಂಡಿತು, ಗಾಳಿಯನ್ನು ಮೂಸಿತು. ಎಲ್ಲಿ ನೋಡಿದರೂ ಬಂಗುಡೆ! ಅದು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗಲೇ ಮರಿ ತೂರಾಡುತ್ತ ಹೋಗಿ ಬಾಯಿ ಹಾಕಿತು. ಕುರಿ ಗುದ್ದಲಿಲ್ಲ. ಸ್ವಲ್ಪ ಹೊತ್ತಿಗೆ ಮರಿಯ ಬಾಲ ಪಟಪಟ ಅಲ್ಲಾಡತೊಡಗಿತು.

ಅತ್ತೆ ಮರಳಿನ ಮೇಲೆ ಕುಸಿದು ಕೂತರು. ಮೊಣಕೈವರೆಗೂ ಹುರುಪೆ. ಅಭ್ಯಾಸದಂತೆ ಮೂಗು ಮುಚ್ಚಲು ಸೆರಗು ಹಿಡಿದರು. ಸೆರಗೂ ಮೀನೇ ಎಂದು ಕಂಡು ಬಿಟ್ಟುಬಿಟ್ಟರು.

"ನಾಳಿಗೂ ಮೀನ ತರಸ್ಬೇಕು. ವಾಸನಿ ಆರಬಾರ್ದು" ಎಂದರು.

ನಮ್ಮವರು ಎಂದಿನಂತೆ ನನ್ನತ್ತ ತಿರುಗಿದರು. "ನಾಳೆನೂ ಮೀನು ತರಸ್ಬೇಕಂತ..."

"ನೀ ಸುಮ್ನಿರೋ!" ಅತ್ತೆ ಗದರಿದರು. "ಆಕಿಗೇನ್ ಕಿವಿ ಇಲ್ಲೇನು?"